ಹೇಳಿದ್ದು ಯಾರು, ಯಾರಿಗೆ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಪುಣೆಯ ಒಂದು ಇಂಗ್ಲಿಷ್ ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಕೆಲಸ ಮಾಡುತ್ತಿದ್ದೆ. ಪಾಳಿ ಶುರುವಾಗುತ್ತಿದ್ದುದು ಮಧ್ಯಾಹ್ನ. ಬೆಳಗಿನ ಹೊತ್ತು ನನ್ನದಾಗಿತ್ತು. ಒಂದು ಮಳೆಗಾಲದ ರವಿವಾರದ ಬೆಳಗುಗಳನ್ನೆಲ್ಲ ಇಂಗ್ಲಿಷಿನ ಸಕರ್ಮಕ ಕ್ರಿಯಾಪದ ನುಂಗಿಹಾಕಿತು. ಕೊನೆಗೆ ಅದರಿಂದ ಒಬ್ಬರ ನೌಕರಿ ಉಳಿಯಿತೇ ಕೆಟ್ಟಿತೇ ಎಂದು ಕೇಳಿದರೆ ಒಂದು ಮಾತಿನಲ್ಲಿ ಉತ್ತರ ಕೊಡಲು ನನಗೆ ಈಗಲೂ ಆಗುವುದಿಲ್ಲ.

ಪಾಠ ಹೇಳಲು ನನ್ನನ್ನು ಒಪ್ಪಿಸಿದವರು ಪುಣೆಯ ಕ್ಯಾಂಪ್ ಭಾಗದ ಒಂದು ಕಂಪನಿಯ ಹೆಡ್ ಕ್ಲಾರ್ಕರು. ಕಂಪನಿ ಸೈನ್ಯಕ್ಕೆ ಕಂಬಳಿ, ಡೇರೆ, ತಾಡಪತ್ರಿ ಪೂರೈಸುತ್ತಿತ್ತು. ಮೇಲಿನ ಸಾಹೇಬರು ಇಂಗ್ಲಿಷರು, ಹಮಾಲರು ಮರಾಠರು, ನಡುವೆ ಕೂತು ಕಾಗದ ಬರೆಯುವವರಲ್ಲಿ ಬಹುಪಾಲು ನಮ್ಮ ಧಾರವಾಡ, ವಿಜಾಪುರದ ಕಡೆಯವರು. ಅವರನ್ನು ಒಬ್ಬೊಬ್ಬರಾಗಿ ಊರಿನಿಂದ ಕರೆಸಿ ಕೆಲಸಕ್ಕೆ ಹಚ್ಚಿದವರು ಈ ಹೆಡ್ ಕ್ಲಾರ್ಕರೇ. ಗುಮಾಸ್ತರೆಲ್ಲ ಅವರನ್ನು ಅಣ್ಣಾರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುವುದು ರೂಢಿಯಾಯಿತು. ಯುದ್ಧದಿಂದ ಕೆಲಸ ಹೆಚ್ಚಿದ ಮೇಲೆ ಕಂಪನಿ ಹೊಸ ನಿಯಮ ತಂದಿತ್ತು. ಇಂಗ್ಲಿಷಿನಲ್ಲಿ ವರದಿ ಬರೆಯುವ ಪರೀಕ್ಷೆ ಪಾಸಾಗದ ಗುಮಾಸ್ತ ಕಾಯಂ ಆಗುವಂತಿರಲಿಲ್ಲ.

“ವ್ಯಾಕರಣ ಎಲ್ಲಾ ಬರ್ತದ ಅವರಿಗೆ. ಸ್ವಲ್ಪ ಕೈ ತಿದ್ದಿಕೊಡ್ರಿ, ಸಾಕು. ನೀವು ಪೇಪರಿನವ್ರು, ನಿಮಗೇನು ಭಾರ?” ಎಂದಿದ್ದರು ಅಣ್ಣಾರು.

ಪಾಠಕ್ಕೆ ಜಾಗ ಕೊಟ್ಟವರು ಉಡುಪಿ ಕಡೆಯ ಒಬ್ಬ ಹೋಟೆಲ್ ಮಾಲೀಕರು. ಹೋಟೆಲಿನ ಮಾಳಿಗೆಯ ಕೋಣೆ. ಒಂದು ಮೂಲೆಯಲ್ಲಿ ಅಕ್ಕಿ ಮೂಟೆ, ಇನ್ನೊಂದರಲ್ಲಿ ಬಾಳೆಲೆ. ಬಾಡಿಗೆ ಬೇಡ, ಪಾಠ ಮುಗಿದ ಮೇಲೆ ಎಲ್ಲರೂ ಕೆಳಗೆ ಬಂದು ಏನಾದರೂ ತಿಂದೇ ಹೋಗಬೇಕು ಎಂಬುದೊಂದೇ ಅವರ ಕರಾರು.

ಮೊದಲ ರವಿವಾರ ನಾನು ಸಕರ್ಮಕ ಕ್ರಿಯಾಪದವೆಂದರೇನು ಎಂದು ಕೇಳಿದೆ. ಇಡೀ ಕೋಣೆ ಒಂದೇ ಕಂಠದಲ್ಲಿ ಇಂಗ್ಲಿಷಿನ ವ್ಯಾಖ್ಯೆ ಹೇಳಿತು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು, ಒಂದಕ್ಷರ ತಪ್ಪಲಿಲ್ಲ. ‘ದಿ ಪೀಯೂನ್ ಕ್ಯಾರೀಸ್ ದಿ ಬಾಕ್ಸ್’ ಎಂದು ಹಲಗೆಯ ಮೇಲೆ ಬರೆದೆ. ಪೀಯೂನ್ ಕರ್ತೃ, ಕ್ಯಾರೀಸ್ ಕ್ರಿಯೆ, ಬಾಕ್ಸ್ ಕರ್ಮ ಎಂದು ಪಟಪಟನೆ ಬಿಡಿಸಿದರು. ಅಣ್ಣಾರು ಹೇಳಿದ್ದು ನಿಜ ಅನ್ನಿಸಿತು. ನಿನ್ನೆ ಕಚೇರಿಯಲ್ಲಿ ನೀವು ಮಾಡಿದ ಕೆಲಸದ ಬಗ್ಗೆ ಕೆಲವು ವಾಕ್ಯ ಬರೆಯಿರಿ ಎಂದು ಹೇಳಿ ಕಿಟಕಿಯ ಬಳಿ ನಿಂತೆ.

ಕಾಗದಗಳನ್ನು ಒಟ್ಟುಮಾಡಿ ಓದಿದಾಗ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಬರೆದಂತಿತ್ತು. ‘ದಿ ನೀಡ್‌ಫುಲ್ ವಾಸ್ ಡನ್.’ ಅಗತ್ಯವಾದುದನ್ನು ಮಾಡಲಾಯಿತು. ‘ದಿ ಸೇಮ್ ವಾಸ್ ಫಾರ್ವರ್ಡೆಡ್.’ ಸದರಿಯದನ್ನು ಕಳಿಸಲಾಯಿತು. ಒಂದು ವಾಕ್ಯದಲ್ಲೂ ಮನುಷ್ಯರಿರಲಿಲ್ಲ.

“ಇದು ಯಾರದು? ಯಾರು ಮಾಡಿದ್ರು ಈ ನೀಡ್‌ಫುಲ್?”

“ನಾನಽ ರೀ ಸರ್,” ಎಂದರು ಕಿಟಕಿಯ ಪಕ್ಕದಲ್ಲಿದ್ದ ಗೋದಾಮಿನ ಗುಮಾಸ್ತರು.

“ಏನು ಮಾಡಿದ್ರಿ?”

“ನೀಡ್‌ಫುಲ್ ರೀ.”

“ಅಂದ್ರ?”

“ಅಂದ್ರ, ಡೇರೆ ಎಣಿಸಿ ಒಳಗ ಇಡಿಸಿದೆ.”

“ಹಂಗಂತ ಬರೀಬಹುದಲ್ಲ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಅಯ್ಯ, ಅದು ಆಫೀಸ್ ಇಂಗ್ಲಿಷ್ ಆಗೂದಿಲ್ಲಲ್ರೀ. ಹಮಾಲ ಮಾತಾಡಿದಂಗ ಆಗ್ತದ.”

ಕೋಣೆಯೆಲ್ಲ ನಕ್ಕಿತು. ನನ್ನ ಮಾತಿಗೆ ನಕ್ಕಿದ್ದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ರವಿವಾರಗಳಲ್ಲಿ ನಾನು ನಮ್ಮ ಸುದ್ದಿಮೇಜಿನ ಪದ್ಧತಿಯನ್ನೇ ಅಲ್ಲಿಗೆ ತಂದೆ. ‘ಪೊಲೀಸರು ಬಂಧಿಸಿದರು’ ಎಂದಷ್ಟೇ ತಂತಿ ಬಂದರೆ ನಮ್ಮ ಮುಖ್ಯ ಉಪಸಂಪಾದಕರು ಅದನ್ನು ಮೇಜಿನಾಚೆಗೆ ಎಸೆಯುತ್ತಿದ್ದರು. ಯಾರನ್ನು ಎಂಬುದಿಲ್ಲದಿದ್ದರೆ ಅದು ಸುದ್ದಿಯೇ ಅಲ್ಲ. ಗುಮಾಸ್ತರಿಗೆ ಇದನ್ನೇ ಹೇಳಿದೆ. ಕನ್ನಡದಲ್ಲಿ “ಕೀಲಿ ತಂದ್ರೇನು?” ಎಂದು ಕೇಳಿದರೆ “ತಂದೀನ್ರಿ” ಎಂದರೆ ಮುಗಿಯಿತು, ಏನನ್ನು ಎಂದು ಮತ್ತೆ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ‘ಐ ಬ್ರಾಟ್’ ಎಂದು ನಿಲ್ಲಿಸಿದರೆ ಕೇಳುವವನು ಇನ್ನೂ ಕಾಯುತ್ತಲೇ ಇರುತ್ತಾನೆ. ತಂದ ವಸ್ತುವನ್ನು ಅವನ ಮುಂದಿಡಬೇಕು, ‘ಇಟ್’ ಎಂದಾದರೂ ಅನ್ನಬೇಕು. ಹಲಗೆಯ ಮೇಲೆ ಪ್ರತಿ ಕ್ರಿಯಾಪದದ ಹಿಂದೊಂದು, ಮುಂದೊಂದು ಖಾಲಿ ಚೌಕ ಬರೆದು, ಮಾಡಿದವರನ್ನು ಹಿಂದಿನ ಚೌಕದಲ್ಲಿ, ಮಾಡಿಸಿಕೊಂಡದ್ದನ್ನು ಮುಂದಿನದರಲ್ಲಿ ತುಂಬಿಸಿರಿ ಎಂದೆ.

ತುಂಬಿಸಿದರು. ಹಿಂದಿನ ಚೌಕದಲ್ಲಿ ‘ದಿಸ್ ಆಫೀಸ್’. ಮುಂದಿನದರಲ್ಲಿ ‘ಸೇಮ್’.

ಇನ್ನೊಂದು ಕಾಟ ನಡುವೆ ಬರುವ ಚಿಲ್ಲರೆ ಪದಗಳದ್ದು. ನಾವು ವಿಷಯದ ಬಗ್ಗೆ ಚರ್ಚಿಸುತ್ತೇವೆ, ಊರಿಗೆ ಮುಟ್ಟುತ್ತೇವೆ, ಕೋಣೆಯೊಳಗೆ ಹೊಗುತ್ತೇವೆ. ಹೀಗಾಗಿ ‘ಡಿಸ್ಕಸ್’ ಆದ ಮೇಲೆ ‘ಅಬೌಟ್’, ‘ರೀಚ್’ ಆದ ಮೇಲೆ ‘ಟು’, ‘ಎಂಟರ್’ ಆದ ಮೇಲೆ ‘ಇನ್‌ಟು’ ತಾವಾಗಿ ಬಂದು ಕೂಡುತ್ತಿದ್ದವು. ಈ ಕ್ರಿಯಾಪದಗಳು ಕರ್ಮವನ್ನು ನೇರವಾಗಿ ಕೈಯಲ್ಲಿ ಹಿಡಿಯುತ್ತವೆ, ನಡುವೆ ಯಾರೂ ಬೇಡ ಎಂದು ವಾರವಾರ ಹೇಳಿದೆ. ರವಿವಾರ ಹೊಡೆದುಹಾಕಿದ ‘ಅಬೌಟ್’ ಮುಂದಿನ ರವಿವಾರ ಅಲ್ಲೇ ಕೂತಿರುತ್ತಿತ್ತು. ಗಂಟಲು ಬತ್ತಿ ಕೆಳಗಿಳಿದರೆ ಹೋಟೆಲ್ ಮಾಲೀಕರು ಗಲ್ಲೆಯ ಹಿಂದಿನಿಂದ ಕರೆಯುತ್ತಿದ್ದರು.

“ಎಂತ ಮಾಷ್ಟ್ರೇ, ನಿಮ್ಮ ಪಾಠ ಮೆಟ್ಟಿಲಿಳಿದು ಕೆಳಗೂ ಬಂತಲ್ಲ! ನಿನ್ನೆ ಮಾಣಿ ಲೋಟ ಬೀಳಿಸಿದ. ಯಾರು ಮಾರಾಯ ಒಡೆದದ್ದು ಅಂತ ಕೇಳಿದರೆ ‘ಒಡೆಯಲ್ಪಟ್ಟಿತು’ ಅಂತಾನೆ. ಸಂಬಳ ಯಾರಿಗೆ ಹಿಡಿಯಲಿ ನಾನು?”

ನಗು ಬರಬೇಕಾದ ಮಾತು. ನನಗೆ ಬರಲಿಲ್ಲ.

ತಪ್ಪಿನ ಬೇರು ಎಲ್ಲಿದೆ ಎಂದು ಬರಬರುತ್ತ ತಿಳಿಯಿತು. ಆ ಕಂಪನಿಯಲ್ಲಿ ಗುಮಾಸ್ತರು ಬರೆದ ಯಾವ ಕಾಗದವೂ ನೇರವಾಗಿ ಸಾಹೇಬರಿಗೆ ಹೋಗುತ್ತಿರಲಿಲ್ಲ. ಮೊದಲು ಅಣ್ಣಾರ ಮೇಜಿಗೆ ಹೋಗಬೇಕು. ಅವರು ಅದಕ್ಕೆ ‘ಆಫೀಸಿನ ರೂಪ’ ಕೊಡುತ್ತಿದ್ದರು: ‘ನಾನು’ ಎಂಬುದನ್ನು ತೆಗೆಯುವುದು, ಸಾಹೇಬರ ಹೆಸರನ್ನು ತೆಗೆಯುವುದು, ಉಳಿದದ್ದಕ್ಕೆ ‘ವಿನಯಪೂರ್ವಕ’ ಸೇರಿಸುವುದು. ಆರು ದಿನ ಅವರ ಪಾಠ, ಒಂದು ಬೆಳಗು ನನ್ನದು.

ಮಳೆಗಾಲದ ನಡುವಿನಲ್ಲಿ ಗೋದಾಮಿನ ಗುಮಾಸ್ತರು ರವಿವಾರಕ್ಕೂ ಕಾಯದೆ ನನ್ನ ಮನೆಗೆ ಬಂದರು. ಕೈಯಲ್ಲಿ ಕಂಪನಿ ಮ್ಯಾನೇಜರರ ಮೆಮೊ. ಸೈನ್ಯಕ್ಕೆ ಹೋಗಬೇಕಿದ್ದ ಕಂಬಳಿ ಮೂಟೆಗಳು ಗೋದಾಮಿನಲ್ಲೇ ನೆನೆದು ಕೊಳೆತಿದ್ದವು. ಸೈನ್ಯ ಅವನ್ನು ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಇದಕ್ಕೆ ನಿಮ್ಮನ್ನು ಯಾಕೆ ಕೆಲಸದಿಂದ ತೆಗೆಯಬಾರದು, ಬರೆದು ತಿಳಿಸಿ ಎಂದು ಮೆಮೊ ಕೇಳುತ್ತಿತ್ತು. ಅವರಿನ್ನೂ ಕಾಯಂ ಆಗಿರಲಿಲ್ಲ. ಪುಣೆಯ ಸೋಮವಾರ ಪೇಟೆಯ ವಾಡೆಯೊಂದರಲ್ಲಿ ಒಂದೇ ಕೋಣೆಯ ಸಂಸಾರ, ಹೆಂಡತಿ ತುಂಬಿದ ಬಸುರಿ. ಯುದ್ಧಸಾಮಗ್ರಿ ಹಾಳುಮಾಡಿದವನೆಂದು ಹೊರಗೆ ಹಾಕಿದರೆ ಮತ್ತೊಂದು ಕಚೇರಿ ಬಾಗಿಲೊಳಗೆ ಬಿಡುತ್ತಿರಲಿಲ್ಲ.

“ಉತ್ತರಾ ಬರದೀನ್ರಿ. ಸ್ಪೆಲಿಂಗ್ ಅಷ್ಟಽ ನೋಡ್ರಿ ಸರ್,” ಎಂದರು.

ಓದಿದೆ. ಸ್ಪೆಲಿಂಗ್ ಸರಿಯಾಗಿತ್ತು. ‘ಮಾಡಿನ ಸೋರಿಕೆಯನ್ನು ವಿನಯಪೂರ್ವಕವಾಗಿ ಗಮನಕ್ಕೆ ತರಲಾಗಿತ್ತು. ಆದಾಗ್ಯೂ ಮೂಟೆಗಳನ್ನು ಸದರಿ ಸ್ಥಳದಲ್ಲಿಯೇ ಇಡಲಾಯಿತು. ಕೃಪೆ ತೋರಬೇಕು’ ಎಂಬುದು ಅದರ ಇಂಗ್ಲಿಷ್ ತಾತ್ಪರ್ಯ.

“ಯಾರ ಗಮನಕ್ಕ ತಂದ್ರಿ?”

“ಗೋದಾಮು ನೋಡೋ ಅಸಿಸ್ಟೆಂಟ್ ಸಾಹೇಬ್ರ ಗಮನಕ್ಕ.”

“ತಂದವ್ರು ಯಾರು?”

“ನಾನಽ.”

“ಅದು ಇಲ್ಲೆಲ್ಲಿ ಅದ?”

ಅವರು ಕಾಗದ ತಿರುಗಿಸಿ ನೋಡಿದರು, ಹಿಂದಿನ ಮಗ್ಗುಲಲ್ಲಿ ಇದ್ದೀತು ಎಂಬಂತೆ. ನಾನು ಅದನ್ನು ಬದಿಗಿಟ್ಟು, ವರದಿಗಾರ ಹೇಳಿಕೆ ಬರೆದುಕೊಳ್ಳುವ ರೀತಿಯಲ್ಲಿ ಪೆನ್ಸಿಲು ಹಿಡಿದು ಕೂತೆ. ನಡೆದದ್ದನ್ನು ಕನ್ನಡದಲ್ಲೇ ಹೇಳಿ ಎಂದೆ. ಅವರ ದನಿಯೇ ಬದಲಾಯಿತು.

“ನಾ ಅಂದೆ, ಸಾಹೇಬ್ರ, ಈ ಮೂಲ್ಯಾಗ ಸೋರತದ, ಮೂಟಿ ಇಲ್ಲೆ ಬ್ಯಾಡ್ರಿ. ಅವರನ್ನ ಕರಕೊಂಡು ಹೋಗಿ ತೋರಿಸೀನ್ರಿ, ಮ್ಯಾಲ ತಗಡು ತೂತು ಬಿದ್ದದ್ದು. ನೋಡಿದ್ರು. ನೋಡಿ, ಬೂಟಿನ ತುದೀಲೆ ಮೂಟಿ ಒಳಗ ನೂಕಿ, ಇಲ್ಲೇ ಇಡು ಅಂದ್ರು. ಇಟ್ಟೆ. ಅವತ್ತಽ ಮಳಿ ಹೊಡೀತು.”

ಹೇಳಿದೆ, ತೋರಿಸಿದೆ, ನೋಡಿದರು, ನೂಕಿದರು, ಇಟ್ಟೆ. ಎಲ್ಲದಕ್ಕೂ ಕರ್ತೃವಿತ್ತು, ಕರ್ಮವಿತ್ತು. ನಾನು ವಾರಗಟ್ಟಲೆ ಹಲಗೆಯ ಮೇಲೆ ಬರೆದ ಚೌಕಗಳೆಲ್ಲ ಆ ಬಾಯಲ್ಲಿ ತುಂಬಿಯೇ ಇದ್ದವು. ಇದನ್ನೇ ಒಂದೊಂದು ಸಾಲಾಗಿ ಇಂಗ್ಲಿಷಿಗೆ ತನ್ನಿ ಎಂದೆ. ಅಲ್ಲಿ ಮತ್ತೆ ಗಾಡಿ ಹೂತುಕೊಂಡಿತು. ‘ಐ ಟೋಲ್ಡ್’ ಎಂದು ಬರೆದು ಲೇಖನಿ ಎತ್ತುತ್ತಿದ್ದರು.

“ಯಾರಿಗೆ?”

“ಗೊತ್ತಽ ಅದಲ್ರೀ ಅದು.”

“ಯಾರಿಗೆ ಗೊತ್ತದ? ಓದೋ ಮ್ಯಾನೇಜರಗ ಗೊತ್ತಿಲ್ಲ.”

“ಸಾಹೇಬ್ರ ಹೆಸರು ನನ್ನ ಹೆಸರಿನ ಬೆನ್ನಿಗೆ ಹೆಂಗ ಬರೀಲಿ ಸರ್? ಅವ್ರಿಗೆ ನಾ ಹೇಳಿದಂಗ ಆಗ್ತದ.”

“ಹೇಳೀರಲ್ಲ!”

“ಹೇಳೂದು ಬ್ಯಾರೆ, ಬರಿಯೂದು ಬ್ಯಾರೆ ರೀ.”

ಹಲವು ಬೆಳಗು ಇದೇ ಜಗ್ಗಾಟ. ಒಂದು ದಿನ ‘ಐ ಹಂಬ್ಲಿ ಟೋಲ್ಡ್’ ಎಂದು ತರುವರು. ಇನ್ನೊಂದು ದಿನ ‘ಇಟ್ ವಾಸ್ ಟೋಲ್ಡ್ ಬೈ ಮಿ’. ನಾನು ದನಿಯೇರಿಸಿದೆ. ಅವರು ತಲೆ ತಗ್ಗಿಸಿದರು, ಆದರೆ ವಾಕ್ಯ ತಿದ್ದಲಿಲ್ಲ. ಕೊನೆಗೊಂದು ಬೆಳಗ್ಗೆ, ಬಹುಶಃ ನನ್ನ ಕಾಟ ತಪ್ಪಿದರೆ ಸಾಕೆಂದು, ಆರು ಸಾಲಿನ ಚೊಕ್ಕ ಹೇಳಿಕೆ ಬರೆದರು. ನಾನು ಒಂದು ಪದವನ್ನೂ ನನ್ನ ಕೈಯಿಂದ ಸೇರಿಸಲಿಲ್ಲ. ಅಂಥ ಪ್ರತಿಯನ್ನು ನಮ್ಮ ಮುಖ್ಯ ಉಪಸಂಪಾದಕರು ನೀಲಿ ಪೆನ್ಸಿಲು ಮುಟ್ಟಿಸದೆ ಅಚ್ಚಿಗೆ ಕಳಿಸುತ್ತಿದ್ದರು.

ಮುಂದಿನ ರವಿವಾರ ಅವರು ಪಾಠಕ್ಕೆ ತಡವಾಗಿ ಬಂದರು. ಹೇಳಿಕೆ ಕೊಟ್ಟಿರಾ ಎಂದು ಕೇಳಿದೆ.

“ಕೊಟ್ಟೀನ್ರಿ. ಅಣ್ಣಾರು ಸ್ವಲ್ಪ ರೂಪಾ ಕೊಟ್ಟು ಟೈಪ್ ಮಾಡಿಸಿದ್ರು. ಸಹಿ ಮಾಡೀನಿ.”

ರೂಪ ಕೊಟ್ಟ ಪ್ರತಿಯ ನಕಲನ್ನು ತೋರಿಸಿದರು. ‘ಗಮನಕ್ಕೆ ತರಲಾಗಿತ್ತು. ಇಡಲಾಯಿತು. ಆದ ಪ್ರಮಾದಕ್ಕೆ ಕ್ಷಮೆ ಕೋರಲಾಗಿದೆ.’ ಅಸಿಸ್ಟೆಂಟ್ ಸಾಹೇಬ ಮಾಯವಾಗಿದ್ದ. ಗುಮಾಸ್ತರೂ ಮಾಯವಾಗಿದ್ದರು, ಕೆಳಗಿನ ಸಹಿಯಲ್ಲಿ ಬಿಟ್ಟು. ಆ ಪುಟದಲ್ಲಿದ್ದ ಒಬ್ಬನೇ ಮನುಷ್ಯ ಆ ಸಹಿ. ಆ ವಾರವೇ ಖಡಕಿಯಿಂದ ಸೈನ್ಯದ ಅಧಿಕಾರಿಯೊಬ್ಬರು ಬಂದು ಮ್ಯಾನೇಜರ್ ಜೊತೆ ಕೂತು ಖುದ್ದು ವಿಚಾರಣೆ ಮಾಡುವವರಿದ್ದರು.

ಪಾಠವನ್ನು ಅಲ್ಲಿಗೇ ಬಿಟ್ಟು ನಾನು ಅಣ್ಣಾರ ಮನೆಗೆ ಹೋದೆ. ಅವರು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು, ಹಣೆಯ ಗಂಧ ಇನ್ನೂ ಹಸಿಯಾಗಿತ್ತು.

“ಬರ್ರಿ, ಬರ್ರಿ. ಬೈಲಿಕ್ಕೆ ಬಂದೀರಿ, ಮಾರಿ ನೋಡಿದ್ರ ಗೊತ್ತಾಗ್ತದ. ಮೊದಲ ಚಹಾ ತಗೋರಿ, ಆಮ್ಯಾಲ ಬೈರಿ.”

“ಆ ಹೇಳಿಕಿ ಯಾಕ ತಿದ್ದಿದ್ರಿ?”

“ತಿದ್ದಿಲ್ಲ, ಕಾಯ್ದೀನಿ.” ಅವರು ಸಿಟ್ಟಾಗಲಿಲ್ಲ. “ಇಷ್ಟು ವರ್ಷದಾಗ ನನ್ನ ಕೈಯಾಗಿನ ಒಬ್ಬನ ನೌಕರಿ ಹೋಗಿಲ್ಲ. ಹೆಂಗ? ತಪ್ಪಾತು ಅಂತ ಬರಸ್ತೀನಿ, ಕೃಪಾ ಮಾಡ್ರಿ ಅಂತ ಬರಸ್ತೀನಿ. ಸಾಹೇಬ ಎರಡು ಬೈತಾನ, ಬಿಡ್ತಾನ. ವಾಕ್ಯದಾಗ ಒಬ್ಬ ಮನಿಷ್ಯಾ ಬಂದ ಅಂದ್ರ ಅವನ ಕುತಿಗೀನೂ ಅದರಾಗ ಬಂತು. ಸಾಹೇಬನ ಕುತಿಗಿಗೆ ನಮ್ಮ ಹುಡುಗ ಕೈ ಹಾಕಿದಾ ಅಂದ್ರ ಮುಂದ ಅವನ್ನ ಯಾರು ಇಟ್ಕೋತಾರ?”

“ಈ ಸಲ ಸಾಹೇಬ ಒಬ್ಬನಽ ಇಲ್ಲ, ಅಣ್ಣಾರ. ಕಂಬಳಿ ಸೈನ್ಯದ್ದು. ಅವರಿಗೆ ಒಂದು ಹೆಸರು ಬೇಕು. ಕಾಗದದಾಗ ಬ್ಯಾರೆ ಯಾರೂ ಇಲ್ಲಂದ್ರ ಸಹಿ ಮಾಡಿದವನ್ನಽ ಹಿಡೀತಾರ.”

ಈ ಮಾತು ಅವರಿಗೂ ಹೊಳೆದಿತ್ತೆಂದು ನನಗೆ ಅನ್ನಿಸಿತು. ಅವರು ಪಕ್ಕದಲ್ಲಿದ್ದ ನಮ್ಮ ಪತ್ರಿಕೆಯನ್ನೇ ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಮೊದಲ ಪುಟದ ಒಂದು ಸುದ್ದಿಯ ಮೇಲೆ ಬೆರಳಿಟ್ಟರು.

“ಇದು ನಿಮ್ಮ ಪೇಪರ್ ಅಲ್ಲೇನ್ರಿ? ‘ಗುಂಪನ್ನು ಚದುರಿಸಲು ಗುಂಡು ಹಾರಿಸಲಾಯಿತು.’ ಯಾರು ಹಾರಿಸಿದ್ರು ರೀ? ಯಾರಿಗೆ ಬಡೀತು?”

ಆ ಸುದ್ದಿಯನ್ನು ಅಚ್ಚಿಗೆ ಕಳಿಸಿದವನು ನಾನೇ. ಸರಕಾರದ ಪ್ರಕಟಣೆ, ಒಂದು ಪದವನ್ನೂ ಬದಲಿಸದೆ ಹಾಕಬೇಕೆಂಬ ಕಟ್ಟಳೆ ಇತ್ತು. ಹಾಗೆಂದು ಹೇಳಿದೆ.

“ಹಾಂ. ನಿಮಗೂ ಒಬ್ರು ಅಣ್ಣಾರು ಅದಾರ, ನೋಡ್ರಿ,” ಎಂದರು ಅವರು. ನಗದೆ ಅಂದ ಮಾತು.

ಚಹಾ ಆರಿಹೋಗಿತ್ತು. ಕುಡಿದು ಎದ್ದೆ. ದಾರಿಯಲ್ಲಿ ಒಂದು ವಿಚಾರ ಹೊಳೆಯಿತು. ಕಾಗದದ ದಾರಿ ಅಣ್ಣಾರ ಮೇಜಿನ ಮೇಲಿಂದಲೇ ಹೋಗುತ್ತಿತ್ತು. ಅಲ್ಲಿ ನಾನು ಗೆಲ್ಲುವಂತಿರಲಿಲ್ಲ. ವಿಚಾರಣೆಯಲ್ಲಿ ಮಾತ್ರ ಗುಮಾಸ್ತರ ಬಾಯಿ ಇರುತ್ತದೆ. ಕಾಗದ, ಹಲಗೆ, ಚೌಕ, ವ್ಯಾಖ್ಯೆ ಎಲ್ಲವನ್ನೂ ಬಿಟ್ಟುಬಿಡಲು ಅಲ್ಲೇ ತೀರ್ಮಾನಿಸಿದೆ.

ಮರುದಿನದಿಂದ ಗುಮಾಸ್ತರು ಕಚೇರಿಗೆ ಹೋಗುವ ಮುನ್ನ ಮಾಳಿಗೆಯಲ್ಲಿ ಸೇರಿದೆವು. ಲೇಖನಿ ತರಬಾರದೆಂಬುದೇ ನಿಯಮ. ಒಬ್ಬರು ಅಧಿಕಾರಿಯಾಗಿ ಪ್ರಶ್ನೆ ಕೇಳಬೇಕು, ಗೋದಾಮಿನ ಗುಮಾಸ್ತರು ಇಂಗ್ಲಿಷಿನಲ್ಲಿ ಉತ್ತರಿಸಬೇಕು. ಕರ್ಮ ಬಿಟ್ಟರೆ ಉಳಿದವರು ಕೂಗಬೇಕು. ಮೊದಲ ದಿನವೇ ಕೂಗು ಬೀದಿಗೆ ಕೇಳಿಸಿತು.

“ಐ ಶೋಡ್.”

“ಏನನ್ನ? ಯಾರಿಗೆ?”

“ಐ ಶೋಡ್ ದಿ ಲೀಕ್.”

“ಯಾರಿಗೋ ಯಪ್ಪಾ?”

“ಹೇಳಾಕತ್ತೀನಲ್ಲ, ತಡ್ರಿ!”

ವಾರಗಟ್ಟಲೆ ‘ಸೇಮ್’, ‘ನೀಡ್‌ಫುಲ್’ ಎಂದು ಬರೆದವರು ಬೇರೆಯವನ ವಾಕ್ಯದಲ್ಲಿ ಬಿಟ್ಟುಹೋದದ್ದನ್ನು ಹದ್ದಿನಂತೆ ಹಿಡಿಯುತ್ತಿದ್ದರು. ಗಲಾಟೆ ಕೇಳಿ ಹೋಟೆಲ್ ಮಾಲೀಕರು ಮೇಲೆ ಬಂದರು. ಅಸಿಸ್ಟೆಂಟ್ ಸಾಹೇಬರ ವೇಷಕ್ಕೆ ಜನ ಬೇಕೆಂದಾಗ ಅವರೇ ಸಟ್ಟುಗ ಕಂಕುಳಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತರು. “ಸಾಹೇಬ ಅಂದರೆ ಹೀಗೆ ಅಲ್ವಾ? ಸೊಂಟದಲ್ಲಿ ಪಂಚೆ ಉಂಟು, ನೀವು ಪ್ಯಾಂಟು ಅಂತ ತಿಳ್ಕೊಳ್ಳಿ” ಎಂದರು.

ಎಲ್ಲರೂ ನಕ್ಕರು, ಗೋದಾಮಿನ ಗುಮಾಸ್ತರೊಬ್ಬರನ್ನು ಬಿಟ್ಟು. ಸುಳ್ಳು ಸಾಹೇಬರು ಹುಬ್ಬು ಗಂಟಿಕ್ಕಿ ನೋಡಿದ್ದೇ ತಡ, ಅವರ ನಾಲಿಗೆ ಹಳೆಯ ಹಾದಿ ಹಿಡಿಯಿತು. “ಇಟ್ ವಾಸ್ ಟೋಲ್ಡ್,” ಎಂದರು. ಮತ್ತೆ ಕೇಳಿದೆವು. “ಇಟ್ ವಾಸ್ ಹಂಬ್ಲಿ…” ಸಟ್ಟುಗ ಹಿಡಿದ ಹೋಟೆಲ್ ಮಾಲೀಕರ ಮುಂದೆಯೇ ಬಾರದ ಮಾತು ನಿಜವಾದ ಸಾಹೇಬರ ಮುಂದೆ ಬರುವ ಹಾಗಿರಲಿಲ್ಲ. ಕೊನೆಯ ಬೆಳಗಿನ ತನಕ ಬರಲೇ ಇಲ್ಲ. ನಾನು ಆ ದಿನ ಪಾಳಿಗೆ ಹೋದಾಗ ಮೇಜಿನ ಮೇಲಿದ್ದ ತಂತಿಗಳ ಮೇಲೆಲ್ಲ ಸಿಟ್ಟು ತೀರಿಸಿಕೊಂಡೆ.

ವಿಚಾರಣೆಯಲ್ಲಿ ನಾನಿರಲಿಲ್ಲ. ಅದರ ಸಂಗತಿಯನ್ನು ಗೋದಾಮಿನ ಗುಮಾಸ್ತರಿಂದಲೂ, ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ಇನ್ನೊಬ್ಬ ಗುಮಾಸ್ತರಿಂದಲೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರ ಮಾತೂ ಕೂಡಿದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾನೇಜರ್ ಮೇಜಿನ ಹಿಂದಿದ್ದರು, ಸೈನ್ಯದ ಅಧಿಕಾರಿ ಅವರ ಪಕ್ಕದಲ್ಲಿ. ಅಸಿಸ್ಟೆಂಟ್ ಸಾಹೇಬರು ಗೋಡೆಯ ಬಳಿಯ ಕುರ್ಚಿಯಲ್ಲಿ. ಗುಮಾಸ್ತರನ್ನು ನಿಲ್ಲಿಸಿದರು, ದುಭಾಷಿಯಾಗಿ ಅಣ್ಣಾರು ಅವರ ಪಕ್ಕ ನಿಂತರು, ಅದೂ ಅಲ್ಲಿನ ರೂಢಿಯೇ. ಅಧಿಕಾರಿ ಟೈಪ್ ಮಾಡಿದ ಹೇಳಿಕೆಯನ್ನು ಓದಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಯಾರ ಗಮನಕ್ಕೆ ಎಂದು ಕೇಳಿದರು.

ಅಣ್ಣಾರು ಬಾಯಿ ತೆರೆದರು. “ಸರ್, ದಿ ಮ್ಯಾಟರ್ ವಾಸ್…”

“ನೀವಲ್ಲ. ಅವರು ಹೇಳಲಿ,” ಎಂದರು ಅಧಿಕಾರಿ.

ಗುಮಾಸ್ತರು, ಕಣ್ಣು ನೆಲದ ಮೇಲಿಟ್ಟುಕೊಂಡೇ, ಕೈಯನ್ನು ಗೋಡೆಯ ಕಡೆಗೆ ಚಾಚಿದರು.

“ಐ ಟೋಲ್ಡ್ ದಿಸ್ ಸಾಹೇಬ್. ಐ ಶೋಡ್ ಹಿಮ್ ದಿ ಲೀಕ್. ಹಿ ಸಾ ಇಟ್. ಹಿ ಟೋಲ್ಡ್ ಮಿ, ಕೀಪ್ ದಿ ಬೇಲ್ಸ್ ಹಿಯರ್. ಐ ಕೆಪ್ಟ್ ದೆಮ್.”

ನಾನು ಇವರಿಗೆ ಹೇಳಿದೆ. ಇವರಿಗೆ ಸೋರಿಕೆ ತೋರಿಸಿದೆ. ಇವರು ನೋಡಿದರು. ಮೂಟೆ ಇಲ್ಲೇ ಇಡು ಎಂದು ನನಗೆ ಹೇಳಿದರು. ಇಟ್ಟೆ. ಇಟ್ಟದ್ದು ತಾನು ಎಂಬುದನ್ನೂ ಬಿಡದೆ ಹೇಳಿದ್ದರು. ಆರು ಸಾಲಿನ ಹೇಳಿಕೆ ಇನ್ನೂ ಒಂದು ಸಾಲು ಕಿರಿದಾಗಿತ್ತು.

ಅಧಿಕಾರಿ ಅದನ್ನು ತಮ್ಮ ಕೈಯಿಂದಲೇ ಬರೆದುಕೊಂಡು ಅಸಿಸ್ಟೆಂಟ್ ಸಾಹೇಬರ ಕಡೆ ತಿರುಗಿದರು. ಆ ಸಾಹೇಬರು ಅಲ್ಲವೆನ್ನಲಿಲ್ಲ. ‘ಹಿ ಮೇ ಹ್ಯಾವ್ ಸೆಡ್ ಸಮ್‌ಥಿಂಗ್’ ಎಂದರು; ಏನೋ ಅಂದಿರಬಹುದು, ಅಷ್ಟೇ.

ಗುಮಾಸ್ತರನ್ನು ಕೆಲಸದಿಂದ ತೆಗೆಯಲಿಲ್ಲ. ಸುದ್ದಿ ಬಂದ ಬೆಳಗ್ಗೆ ಹೋಟೆಲ್ ಮಾಲೀಕರು ಎಲ್ಲರಿಗೂ ಶಿರಾ ಮಾಡಿಸಿದರು. ನಾನು ಆ ದಿನ ಪಾಳಿಗೆ ಹಗುರಾಗಿ ಹೋದೆ. ಆ ಹಗುರ ಒಂದು ವಾರವೂ ಬಾಳಲಿಲ್ಲ.

ಮುಂದಿನ ರವಿವಾರ ಅವರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಕೈಯಲ್ಲಿ ಕಂಪನಿಯ ಆಜ್ಞೆ. ಅವರನ್ನು ಬಾರಾಮತಿಯ ಗೋಣಿಚೀಲದ ಗೋದಾಮಿಗೆ ವರ್ಗ ಮಾಡಿದ್ದರು. ಪರೀಕ್ಷೆಗೆ ಕೂರಬೇಕಿದ್ದವರು ಪುಣೆಯಲ್ಲೇ ಇರಬೇಕಿತ್ತು; ಆದ್ದರಿಂದ ಕಾಯಂ ಆಗುವ ಮಾತು ಅಲ್ಲಿಗೆ ನಿಂತಿತು. ಹೆಂಡತಿಯ ಹೆರಿಗೆಗೆ ಇನ್ನು ಕೆಲವೇ ವಾರ. ಅಸಿಸ್ಟೆಂಟ್ ಸಾಹೇಬರು ಇದ್ದಲ್ಲೇ ಇದ್ದರು.

“ಓದ್ರಿ ಸರ್,” ಎಂದರು.

‘ಇಟ್ ಹ್ಯಾಸ್ ಬೀನ್ ಡಿಸೈಡೆಡ್’ ಎಂದು ಶುರುವಾಗಿತ್ತು. ತೀರ್ಮಾನಿಸಲಾಗಿದೆ. ಕೆಳಗೆ ಗೀಚಿದ ಸಹಿಯ ಮೇಲೆ ‘ಮ್ಯಾನೇಜರ್ ಪರವಾಗಿ’ ಎಂದಿತ್ತು. ಯಾರು, ಯಾತಕ್ಕಾಗಿ ಎಂಬುದು ಎಲ್ಲೂ ಇರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಣ್ಣಾರು ಅದುವರೆಗೆ ಒಮ್ಮೆಯೂ ಪಾಠದ ಕೋಣೆಗೆ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು ಉಸಿರು ಹಿಡಿದುಕೊಂಡರು. ಗೆದ್ದೆನೆಂಬ ಭಾವ ಅವರ ಮುಖದಲ್ಲಿರಲಿಲ್ಲ, ವಯಸ್ಸಾದಂತೆ ಕಂಡರು.

“ಇದು ನಾ ಬರದದ್ದಲ್ಲ, ತಿಳೀರಿ. ನನ್ನ ಮೇಜಿಗೆ ಬಂದಽ ಇಲ್ಲ. ಸಾಹೇಬನ ಸ್ವಂತ ಇಂಗ್ಲಿಷ್.” ನನ್ನ ಕಡೆ ನೋಡಿದರು. “ನಾ ಎಲ್ಲಿ ಕಲತೀನಿ ಅಂತ ಈಗರೆ ತಿಳೀತೇನ್ರಿ?”

ಇಂಗ್ಲಿಷು ಮಾಡಿದವನು ಯಾರೆಂದು ಕೇಳುತ್ತದೆ, ಮಾಡಿಸಿಕೊಂಡವನು ಯಾರೆಂದು ಕೇಳುತ್ತದೆ, ಎರಡನ್ನೂ ಹೇಳದೆ ವಾಕ್ಯ ನಿಲ್ಲದು ಎಂದು ನಾನು ಇಡೀ ಮಳೆಗಾಲ ಈ ಕೋಣೆಯಲ್ಲಿ ಗಂಟಲು ಹರಿದುಕೊಂಡಿದ್ದೆ. ಆ ಭಾಷೆಯಲ್ಲಿ ಹುಟ್ಟಿದವರು ಕಳಿಸಿದ ಕಾಗದ ನನ್ನ ಕೈಯಲ್ಲಿತ್ತು.

ಗುಮಾಸ್ತರು ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಆಜ್ಞೆಗೆ ಅವರ ಉತ್ತರ, ಅವರದೇ ಕೈಬರಹ.

“ಸ್ಪೆಲಿಂಗ್ ಅಷ್ಟಽ ನೋಡ್ರಿ ಸರ್.”

ಎರಡು ಸಾಲು. ‘ಹೂ ಡಿಸೈಡೆಡ್ ದಿಸ್? ಪ್ಲೀಸ್ ಟೆಲ್ ಮಿ.’ ಇದನ್ನು ಯಾರು ತೀರ್ಮಾನಿಸಿದರು? ನನಗೆ ತಿಳಿಸಿರಿ. ಕೆಳಗೆ ಪೂರ್ತಿ ಹೆಸರು. ಅಭ್ಯಾಸಬಲದಿಂದ ನಾನು ಪೆನ್ಸಿಲು ಕೈಗೆತ್ತಿಕೊಂಡಿದ್ದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಹಿಂದಕ್ಕೆ ಕೊಟ್ಟೆ.

ಅಣ್ಣಾರು ಕೈ ನೀಡಿದರು. “ತಾ ಇಲ್ಲೆ. ನಾಳೆ ಟೈಪ್ ಮಾಡಿಸಿ ಕೊಡ್ತೀನಿ.” ಅವರ ದನಿ ಮೆತ್ತಗಿತ್ತು, ಈಗಲೂ ಕಾಯಲೆಂದೇ ಕೇಳಿದ್ದು.

ಗುಮಾಸ್ತರು ಬಗ್ಗಿ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿದರು. ಕಾಗದವನ್ನು ಮಡಚಿ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು.

“ಬ್ಯಾಡ್ರಿ ಅಣ್ಣಾರ,” ಎಂದರು. “ನಾನಽ ಕೊಡ್ತೀನಿ. ಸಾಹೇಬ್ರ ಕೈಯಾಗ.”